ಟವೆಲಿಗೆ ಟಿಕೆಟು ಉಂಟಾ?

ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಂಜೆ ನನ್ನ ಬಾಯಿಂದ ಬಂದ ಮಾತು ಇದು. ಕೇಳಿಸಿಕೊಂಡ ಏಳೆಂಟು ಜನ ನಕ್ಕರು. ಯಾರನ್ನು ಕೇಳಿದ್ದೆನೋ ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಟವೆಲನ್ನು ನನ್ನ ಕೈಯಿಂದ ತೆಗೆದುಕೊಂಡು, ಒಮ್ಮೆ ಕೊಡವಿ, ಹೆಗಲ ಮೇಲೆ ಹಾಕಿಕೊಂಡರು. ನಾನು ಕಿಟಕಿ ಪಕ್ಕ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೆ. ಇದಾಗಿ ಒಂದು ವರ್ಷದ ಮೇಲಾಯಿತು. ಆ ಸೀಟಿನಲ್ಲಿ ಕೂರುವ ಹಕ್ಕು ನನಗಿತ್ತೇ ಎಂಬ ಪ್ರಶ್ನೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ. ಬಸ್ಸಿನ ಸೀಟಿನಷ್ಟು ಸಣ್ಣ ವಿಷಯಕ್ಕೆ ಇಷ್ಟು ಯೋಚನೆಯೇ ಎಂದು ನನ್ನ ರೂಮ್‌ಮೇಟ್ ನಗುತ್ತಾಳೆ. ಅವಳು ಹೇಳುವುದೂ ಸರಿಯೇ. ಆದರೆ ದೊಡ್ಡ ವಿಷಯಗಳಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆಂದು ನೋಡುವ ಅವಕಾಶ ನಮ್ಮಂಥವರಿಗೆ ಎಷ್ಟು ಸಲ ಸಿಗುತ್ತದೆ? ಬಸ್ಸು ದಿನಾ ಬರುತ್ತದೆ.

ನಾನು ಕಾಸರಗೋಡಿನ ಕಡೆಯವಳು. ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಕೆರೆ ಕಟ್ಟಿಸಿದವರ ಬಗ್ಗೆ, ಕೆರೆಗೆ ಬಲಿಯಾದವರ ಬಗ್ಗೆ ಬಯಲುಸೀಮೆಯ ಜನ ಹೇಳುವ ಕತೆಗಳು ನನ್ನ ವಿಷಯ. ಅದಕ್ಕಾಗಿ ಚಿತ್ರದುರ್ಗದಲ್ಲಿ ಒಂದು ಕೋಣೆ ಹಿಡಿದು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಗೆ ಒಂದೂವರೆ ತಿಂಗಳು ಬಸ್ಸಿನಲ್ಲೇ ಓಡಾಡಿದೆ. ಬೈಕ್ ಓಡಿಸಲು ಬರುವುದಿಲ್ಲ, ಕಾರು ಮಾಡಿಕೊಳ್ಳಲು ಫೆಲೋಶಿಪ್ಪಿನ ದುಡ್ಡು ಸಾಲುವುದಿಲ್ಲ. ಕೋಟೆ ನೋಡಲು ಬಂದು ಸಂಜೆಗೆ ವಾಪಸಾಗುವವರಿಗೆ ಚಿತ್ರದುರ್ಗ ಸುಲಭದ ಊರು. ಅಲ್ಲಿಂದ ಒಳಗೆ ಹೋಗುವವರಿಗೆ ಅಷ್ಟು ಸುಲಭವಲ್ಲ.

ಯಾಕೆಂದರೆ ಗೊತ್ತಿರಬೇಕಾದ ಸಂಗತಿಗಳು ಬೋರ್ಡಿನಲ್ಲಿ ಇರುವುದಿಲ್ಲ. ಮೊದಲ ವಾರವೇ ನಾನು ರೈಲನ್ನು ನಂಬಿ, ಬೆಂಗಳೂರು–ಹುಬ್ಬಳ್ಳಿ ಮಾರ್ಗದ ‘ಹೊಸದುರ್ಗ ರೋಡ್’ ಎಂಬ ನಿಲ್ದಾಣದಲ್ಲಿ ಇಳಿದಿದ್ದೆ. ಹೆಸರಿನ ಕೊನೆಗೆ ರೋಡ್ ಎಂದಿದ್ದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಅಲ್ಲಿದೆ ಎಂದು ಅರ್ಥ. ಇದು ರೈಲ್ವೆಯ ಹಳೆಯ ಪದ್ಧತಿ, ಗೊತ್ತಿದ್ದವರಿಗೆ ಗೊತ್ತು. ಹೊಸದುರ್ಗ ಪಟ್ಟಣ ಅಲ್ಲಿಂದ ಬಹಳ ದೂರ. ಅದೇ ರೀತಿ, ಬೆಂಗಳೂರಿನಿಂದ ಹೊರಟು ಹೆದ್ದಾರಿಯಲ್ಲಿ ಹೋಗುವ ದೂರದ ಬಸ್ಸುಗಳೆಲ್ಲ ಹಿರಿಯೂರಿನ ಒಳಗೋ ಚಿತ್ರದುರ್ಗದ ಒಳಗೋ ಹೋಗುವುದಿಲ್ಲ. ಹತ್ತುವಾಗಲೇ ‘ಊರೊಳಗೆ ಹೋಗ್ತೈತಾ, ಬೈಪಾಸಲ್ಲಿ ಇಳಿಸ್ತೀರಾ?’ ಎಂದು ಕೇಳಬೇಕು. ಕೇಳದಿದ್ದರೆ ರಾತ್ರಿ ಹತ್ತು ಗಂಟೆಗೆ ಮೇಲ್ಸೇತುವೆಯ ಪಕ್ಕ ನಿಂತು ಆಟೋಗೆ ಕಾಯಬೇಕು. ಸರ್ಕಾರಿ ಬಸ್ಸಿನ ನಿಲ್ದಾಣವೇ ಬೇರೆ, ಪ್ರೈವೇಟು ಬಸ್ಸಿನದೇ ಬೇರೆ. ಈ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳು ಬಹಳ. ಒಂದು ಹಳ್ಳಿಗೆ ಸರ್ಕಾರಿ ಬಸ್ಸು ಬೆಳಿಗ್ಗೆ ಒಂದೇ ಸಲ, ಉಳಿದ ಹೊತ್ತಿಗೆಲ್ಲ ಪ್ರೈವೇಟು ಎಂಬಂಥ ಲೆಕ್ಕಗಳಿರುತ್ತವೆ. ಇದನ್ನೆಲ್ಲ ಯಾವ ಆ್ಯಪ್ ಕೂಡ ನನಗೆ ಹೇಳಿಕೊಡಲಿಲ್ಲ. ಹೂ ಮಾರುವವರು, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವರು, ಶಾಲಾ ಮಕ್ಕಳು ಹೇಳಿಕೊಟ್ಟರು. ಕೇಳಿದ ಕೂಡಲೇ ಹೇಳಿದರು, ಕೆಲವರು ಬಸ್ಸಿನ ಬಾಗಿಲವರೆಗೂ ಬಂದು ಕಂಡಕ್ಟರಿಗೆ ಒಪ್ಪಿಸಿ ಹೋದರು.

ಟವೆಲಿನ ವಿಷಯವನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅದು ಹೇಳಬೇಕಾದ ವಿಷಯವೆಂದು ಯಾರಿಗೂ ಅನಿಸಿರಲಿಕ್ಕಿಲ್ಲ. ನಾನೂ ಟವೆಲ್ ಹಾಕುವುದನ್ನು ನೋಡದವಳಲ್ಲ. ನಮ್ಮ ಕಡೆಯೂ ಕರವಸ್ತ್ರ ಇಡುತ್ತಾರೆ. ಇಲ್ಲಿನ ಹುರುಪು ಬೇರೆ. ಸಂಜೆ ಐದರ ಮೇಲೆ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದ ಹಾಗೆಯೇ ಜನ ಅದರ ಜೊತೆ ಓಡತೊಡಗುತ್ತಾರೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲು, ಕೈಚೀಲ, ಊಟದ ಡಬ್ಬಿ, ಕಾಲೇಜಿನ ಫೈಲು, ಒಂದು ಸಲ ಒಂದು ಜೊತೆ ಹೊಸ ಚಪ್ಪಲಿ ಬೀಳುತ್ತವೆ. ಒಂದು ಮಗುವನ್ನೂ ಹಾಗೆ ದಾಟಿಸಿದ್ದನ್ನು ನೋಡಿದ್ದೇನೆ. ಮಗು ಮೂರು ಜನರ ಸೀಟಿನ ನಡುವೆ ಕೂತು ಎರಡೂ ಕೈಗಳನ್ನು ಅಗಲಿಸಿ ಮನೆಯವರಿಗೆ ಜಾಗ ಕಾಯುತ್ತಿತ್ತು. ಆಮೇಲೆ ಎಲ್ಲರೂ ನಿಧಾನವಾಗಿ ಬಾಗಿಲಿನಿಂದ ಹತ್ತಿ ತಮ್ಮ ತಮ್ಮ ವಸ್ತುಗಳ ಬಳಿಗೆ ಹೋಗುತ್ತಾರೆ. ಬಾಗಿಲಿನಲ್ಲಿ ನೂಕಾಡಿ ಮೊದಲು ಹತ್ತಿದವರಿಗೆ ಸಿಗುವುದು ಟವೆಲು ಕೂತಿರುವ ಬಸ್ಸು.

ಆ ದಿನ ಬಾಗಿಲಿನಲ್ಲಿ ನೂಕಾಡಿ ಮೊದಲು ಹತ್ತಿದವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಆರಕ್ಕೆ ಹೊರಟು ಹಿರಿಯೂರಿಗೆ ಹೋಗಿ, ಅಲ್ಲಿಂದ ವಾಣಿವಿಲಾಸ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಇಡೀ ದಿನ ಕಳೆದು, ಮತ್ತೆ ಚಿತ್ರದುರ್ಗಕ್ಕೆ ಬಂದು, ರಾತ್ರಿ ಹೊಸದುರ್ಗ ಸೇರಬೇಕಿತ್ತು. 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಅಣೆಕಟ್ಟು ಸುಮಾರು ತೊಂಬತ್ತು ವರ್ಷಗಳ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜನ ಹೇಗೆ ಬಂದು ಸೇರಿದರೆಂದು ಅಲ್ಲಿನ ಅಜ್ಜಿಯೊಬ್ಬರು ಎರಡು ತಾಸು ಹೇಳಿದ್ದರು. ತಲೆಯೊಳಗೆ ಅದೇ ಇತ್ತು, ಕಾಲು ನೋಯುತ್ತಿತ್ತು. ಖಾಲಿ ಸೀಟು ಕಂಡಿತು, ಅದರ ಮೇಲೆ ಕೆಂಪು ಅಂಚಿನ ಬಿಳಿ ಟವೆಲು. ಅದನ್ನು ತೆಗೆದು ಕೂತೆ.

ಅರವತ್ತು ದಾಟಿದ ಯಜಮಾನರು ಬಂದರು. ‘ತಾಯಿ, ಅಲ್ಲಿ ಟವಲ್ ಹಾಕಿದ್ನಲ್ಲ. ಅದು ನಮ್ ಸೀಟು.’

‘ಟವೆಲಿಗೆ ಟಿಕೆಟು ಉಂಟಾ? ನಾನು ದುಡ್ಡು ಕೊಟ್ಟು ಹೋಗುವವಳು.’

ನಕ್ಕವರು ನನ್ನ ಜಾಣತನಕ್ಕೆ ನಕ್ಕರೋ ‘ಉಂಟಾ’ ಎಂಬುದಕ್ಕೆ ನಕ್ಕರೋ ಗೊತ್ತಿಲ್ಲ. ಬಯಲುಸೀಮೆಯಲ್ಲಿ ಕರಾವಳಿಯ ಕನ್ನಡ ಆಡಿದರೆ ಜನ ಸುಮ್ಮನೆ ನಗುತ್ತಾರೆ, ಕೆಟ್ಟ ಮನಸ್ಸಿನಿಂದಲ್ಲ. ಯಜಮಾನರು ಮುಂದೆ ಹೋಗಿ ಕಂಬಿ ಹಿಡಿದು ನಿಂತರು. ಬಸ್ಸು ತುಂಬಿತು, ಹೊರಟಿತು. ಡ್ರೈವರಿನ ಹಿಂದೆ, ಯಾರದೋ ಗೋಣಿಚೀಲದ ಮೇಲೆ ಒಬ್ಬ ಹೆಂಗಸು ಕೂತಿದ್ದು ತಲೆಗಳ ನಡುವೆ ಆಗಾಗ ಕಾಣುತ್ತಿತ್ತು. ಮೂವತ್ತು ಚಿಲ್ಲರೆ ಕಿಲೋಮೀಟರು ದಾಟಿ ಹೊಳಲ್ಕೆರೆ ಬಂದಾಗ ಯಜಮಾನರು ಬಗ್ಗಿ ಆಕೆಯನ್ನು ಎಬ್ಬಿಸಿದರು. ಆಕೆಯ ಬಲಗಾಲಿಗೆ ಪಟ್ಟಿ ಸುತ್ತಿತ್ತು. ಯಜಮಾನರ ಇನ್ನೊಂದು ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಕವರು. ಇಬ್ಬರೂ ಇಳಿದರು. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಅವರು ಒಮ್ಮೆಯೂ ಬಸ್ಸಿನ ಕಡೆ ತಿರುಗಲಿಲ್ಲ.

ಹೇಳಬಹುದಿತ್ತಲ್ಲ, ಎಂದು ಆ ರಾತ್ರಿಯೆಲ್ಲ ನನ್ನ ಪರವಾಗಿ ನಾನೇ ವಾದ ಮಾಡಿದೆ. ‘ನನ್ನ ಹೆಂಡತಿಗೆ ಕಾಲು ಏಟಾಗಿದೆ’ ಎಂದು ಒಂದು ಮಾತು ಹೇಳಿದ್ದರೆ ನಾನು ಎದ್ದೇ ಏಳುತ್ತಿದ್ದೆ. ನಿಜ, ಏಳುತ್ತಿದ್ದೆ. ಆದರೆ ಅವರು ಯಾಕೆ ಹೇಳಬೇಕು? ಅವರ ಊರಿನ ಪದ್ಧತಿಯಲ್ಲಿ ಟವೆಲು ಹಾಕಿದರೆ ಹೇಳಿದ ಹಾಗೆ. ಆಕೆಯ ಕಾಲಿನ ವಿಷಯ ಇಡೀ ಬಸ್ಸಿಗೆ ತಿಳಿಯಬೇಕಾದದ್ದಿರಲಿಲ್ಲ. ನೋವನ್ನು ತೋರಿಸಿ ಕೇಳಿಕೊಳ್ಳದೆ ಜಾಗ ಪಡೆಯಲು ಅವರ ಬಳಿ ಇದ್ದದ್ದು ಆ ಟವೆಲು. ನಾನು ಅದನ್ನು ತೆಗೆದಮೇಲೆ ಉಳಿದ ದಾರಿ ಬೇಡಿಕೊಳ್ಳುವುದೊಂದೇ. ಅವರು ಬೇಡಿಕೊಳ್ಳಲಿಲ್ಲ.

ಇಷ್ಟು ಹೇಳಿದರೆ ಟವೆಲು ಹಾಕುವುದೇ ನ್ಯಾಯ ಎಂದಂತಾಯಿತು. ಹಾಗೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಎಲ್ಲರಿಗೂ ಸೇರಿದ ಜಾಗದಲ್ಲಿ ಒಬ್ಬರದೆಂಬ ಜಾಗ ಹೇಗೆ ಹುಟ್ಟುತ್ತದೆ ಎಂಬುದು ಬಹಳ ಹಳೆಯ ಪ್ರಶ್ನೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿಸೆರೋ ಸ್ಟೋಯಿಕರ ವಾದವನ್ನು ಹೇಳುವಾಗ ನಾಟಕಶಾಲೆಯ ಉಪಮೆ ತರುತ್ತಾನೆ. ನಾಟಕಶಾಲೆ ಎಲ್ಲರದು, ಆದರೂ ಒಬ್ಬ ಕೂತ ಜಾಗ ಆ ಹೊತ್ತಿಗೆ ಅವನದೇ ಎನ್ನುವುದರಲ್ಲಿ ತಪ್ಪಿಲ್ಲ. ಹಾಗೆಯೇ ಲೋಕ ಎಲ್ಲರದಾದರೂ ಒಬ್ಬೊಬ್ಬರಿಗೆ ತಮ್ಮದೆಂಬುದು ಇರಬಹುದು. ಅವನ ನಂತರ ನಾಲ್ಕು ಶತಮಾನ ಕಳೆದಮೇಲೆ, ಈಗ ಟರ್ಕಿಯಲ್ಲಿರುವ ಸಿಸೇರಿಯಾದ ಬೆಸಿಲ್ ಎಂಬ ಪಾದ್ರಿ ಅದೇ ನಾಟಕಶಾಲೆಯನ್ನು ತಿರುಗಿಸಿ ಹಿಡಿದ. ಅವನ ಪ್ರಕಾರ ಶ್ರೀಮಂತ ಎಂದರೆ ಮೊದಲು ಬಂದು ಕೂತು, ಆಮೇಲೆ ಬರುವವರನ್ನು ಒಳಗೇ ಬಿಡದೆ, ಎಲ್ಲರಿಗಾಗಿ ಇಟ್ಟದ್ದನ್ನು ತನ್ನದೆಂದು ತಿಳಿದವನು. ಉಪಮೆ ಒಂದೇ, ಇಬ್ಬರ ತೀರ್ಮಾನಗಳು ಎರಡು ದಿಕ್ಕಿಗೆ. ಇಬ್ಬರೂ ಒಪ್ಪುವ ಒಂದಂಶವಿದೆ: ಅಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ಟವೆಲಿನ ಬಗ್ಗೆ ಇಬ್ಬರೂ ಏನೂ ಹೇಳಿಲ್ಲ.

ಟವೆಲಿನ ಹತ್ತಿರಕ್ಕೆ ಬರುವವನು ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. ದೋಣಿಯಲ್ಲಿ ಹುಟ್ಟು ಹಾಕುವ ಇಬ್ಬರು ಒಬ್ಬರಿಗೊಬ್ಬರು ಮಾತು ಕೊಡದೆಯೇ ಜೊತೆಯಾಗಿ ಹುಟ್ಟು ಹಾಕುತ್ತಾರಲ್ಲ, ನಮ್ಮದು ನಿಮ್ಮದು ಎಂಬ ಏರ್ಪಾಡೂ ಹಾಗೆಯೇ ನಿಧಾನಕ್ಕೆ ಬೆಳೆದ ರೂಢಿ ಎನ್ನುತ್ತಾನೆ. ಅದು ದೇವರು ಬರೆದದ್ದಲ್ಲ, ಯಾರೂ ಸಹಿ ಹಾಕಿದ್ದಲ್ಲ. ಅದರಿಂದ ಎಲ್ಲರಿಗೂ ಅನುಕೂಲವಿದೆ, ಅದಕ್ಕೇ ಉಳಿದಿದೆ. ಚಿತ್ರದುರ್ಗದ ಟವೆಲು ನೂರಕ್ಕೆ ನೂರು ಹೀಗೇ. ಅದಿಲ್ಲದಿದ್ದರೆ ಬಾಗಿಲಿನಲ್ಲಿ ದಿನಾ ಜಗಳ. ಆದರೆ ಹ್ಯೂಮನ ದೋಣಿಯಲ್ಲಿ ಇಬ್ಬರ ಕೈಯಲ್ಲೂ ಹುಟ್ಟುಗಳಿವೆ. ಟವೆಲಿನ ದೋಣಿಗೆ ಹೊಸಬಳಾಗಿ ಬಂದ ನನ್ನ ಕೈಯಲ್ಲಿ ಏನಿತ್ತು? ಬಸ್ಸು ಯಾವ ಮೂಲೆಯಿಂದ ತಿರುಗುತ್ತದೆ, ಎಲ್ಲಿ ನಿಧಾನವಾಗುತ್ತದೆ ಎಂದು ಗೊತ್ತಿರುವವರು ಊರಿನವರು. ಚಲಿಸುವ ಬಸ್ಸಿನ ಕಿಟಕಿಗೆ ಹಾರಿ ಟವೆಲು ಎಸೆಯಬಲ್ಲವರು ಹೆಚ್ಚಾಗಿ ಗಂಡಸರು, ಅದರಲ್ಲೂ ಹುಡುಗರು. ಒಬ್ಬಳೇ ಬರುವ ಹೆಂಗಸಿಗೆ, ಎರಡೂ ಕೈಯಲ್ಲಿ ಸಾಮಾನಿರುವವರಿಗೆ, ಕಣ್ಣು ಮಂಜಾದವರಿಗೆ ಆ ರೂಢಿಯಿಂದ ಏನೂ ಸಿಗುವುದಿಲ್ಲ. ಕಾಲಿಗೆ ಪಟ್ಟಿ ಸುತ್ತಿಕೊಂಡ ಆ ಹೆಂಗಸಿಗೂ ಓಡಿ ಹೋಗಿ ಟವೆಲು ಹಾಕುವ ಗಂಡ ಜೊತೆಗಿದ್ದದ್ದರಿಂದ ಸೀಟಿನ ಆಸೆಯಾದರೂ ಹುಟ್ಟಿತ್ತು. ಆಕೆ ಒಬ್ಬಳೇ ಬಂದಿದ್ದರೆ?

ಇಷ್ಟರಮಟ್ಟಿಗೆ ನನ್ನ ವಾದ ಗಟ್ಟಿ ಎಂದೇ ಈಗಲೂ ತಿಳಿದಿದ್ದೇನೆ. ಆದರೆ ಆ ಸಂಜೆ ನಾನು ಇದನ್ನು ಹೇಳಲಿಲ್ಲ. ‘ನಾನು ದುಡ್ಡು ಕೊಟ್ಟು ಹೋಗುವವಳು’ ಎಂದೆ. ಅದು ಎಲ್ಲಿಂದ ಬಂತು ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು.

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟಿಲ್ಲ. ಶೂನ್ಯ ಮೊತ್ತದ ಒಂದು ಚೀಟಿ ಕೊಡುತ್ತಾರೆ. ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ನನ್ನ ಆಧಾರ್ ಕಾರ್ಡಿನಲ್ಲಿರುವುದು ಕೇರಳದ ವಿಳಾಸ. ಹೀಗಾಗಿ ಒಂದೂವರೆ ತಿಂಗಳೂ ಪ್ರತಿ ಸರ್ಕಾರಿ ಬಸ್ಸಿನಲ್ಲಿ ನಾಟಕದ ಒಂದೇ ಅಂಕ. ಕಂಡಕ್ಟರು ಸಾಲಾಗಿ ಹೆಂಗಸರಿಗೆ ಚೀಟಿ ಹರಿಯುತ್ತ ಬರುತ್ತಾರೆ, ನನ್ನ ಹತ್ತಿರ ನಿಲ್ಲುತ್ತಾರೆ, ಕಾರ್ಡು ನೋಡುತ್ತಾರೆ. ‘ಕೇರಳದೋರಾ? ಕನ್ನಡ ಮಾತಾಡ್ತೀರಲ್ಲ ಮೇಡಂ?’ ಹೌದು, ಮಾತಾಡುತ್ತೇನೆ, ಕನ್ನಡದಲ್ಲೇ ಸಂಶೋಧನೆ ಮಾಡುತ್ತೇನೆ, ನಿಮ್ಮ ಜಿಲ್ಲೆಯ ಕೆರೆಗಳ ಕತೆ ಬರೆಯುತ್ತೇನೆ. ಇದನ್ನು ಮೊದಲ ವಾರ ವಿವರವಾಗಿ ಹೇಳುತ್ತಿದ್ದೆ. ಆಮೇಲೆ ‘ಹ್ಞೂಂ’ ಎಂದು ನೋಟು ಚಾಚುತ್ತಿದ್ದೆ. ಕಂಡಕ್ಟರುಗಳ ತಪ್ಪೇನೂ ಇಲ್ಲ. ಒಬ್ಬರಂತೂ ‘ನಮ್ ಕೈಲಿಲ್ಲ ಮೇಡಂ’ ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. ಹಾಸ್ಟೆಲಿನ ಗೆಳತಿಯರು ‘ಆಧಾರ್ ವಿಳಾಸ ಇಲ್ಲಿಗೆ ಬದಲಾಯಿಸೇ, ಸುಮ್ನೆ ದುಡ್ಡು ದಂಡ’ ಎನ್ನುತ್ತಾರೆ. ಬದಲಾಯಿಸಬಹುದು. ಆದರೆ ನನ್ನ ಓಟು ಅಲ್ಲಿದೆ, ರೇಷನ್ ಕಾರ್ಡಿನಲ್ಲಿ ಹೆಸರು ಅಲ್ಲಿದೆ, ಅಜ್ಜಿ ಅಲ್ಲಿದ್ದಾಳೆ. ಬಸ್ಸಿನ ಟಿಕೆಟಿಗಾಗಿ ಊರು ಬದಲಾಯಿಸುವುದು ಎಂದರೆ ಏನೋ ಮುಜುಗರ.

ಅಜ್ಜಿಯ ವಿಷಯ ಹೇಳದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವಳು ಸಣ್ಣ ಹುಡುಗಿ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು, ಆಗಲಿಲ್ಲ. ಅವಳು ಕನ್ನಡ ಶಾಲೆಯಲ್ಲಿ ಓದಿದವಳು, ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಬಸ್ಸಿನ ಬೋರ್ಡು ಮಲಯಾಳದಲ್ಲಿ ಮಾತ್ರ ಇದ್ದರೆ ಅವಳು ಹುಟ್ಟಿದ ಊರಿನ ನಿಲ್ದಾಣದಲ್ಲೇ ನಿಂತು ಪಕ್ಕದವರನ್ನು ‘ಇದು ಎಲ್ಲಿಗೆ ಹೋಗುವುದು?’ ಎಂದು ಕೇಳಬೇಕು. ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳಿಗೆ ಕೆಎಸ್‌ಆರ್‌ಟಿಸಿ ಎಂಬ ಒಂದೇ ಹೆಸರು, ಆ ಐದಕ್ಷರ ಯಾರದೆಂದು ವರ್ಷಗಟ್ಟಲೆ ವ್ಯಾಜ್ಯವೂ ನಡೆಯಿತು. ಅಲ್ಲಿನ ಕೆಎಸ್‌ಆರ್‌ಟಿಸಿಯಲ್ಲಿ ನನ್ನ ಭಾಷೆಗೆ ಜಾಗ ಕಡಿಮೆ, ಇಲ್ಲಿನ ಕೆಎಸ್‌ಆರ್‌ಟಿಸಿಯಲ್ಲಿ ನನ್ನ ವಿಳಾಸಕ್ಕೆ ಜಾಗವಿಲ್ಲ. ಈ ಒಂದು ಸಾಲನ್ನು ನಾನು ಮನಸ್ಸಿನಲ್ಲೇ ಬರೆದು, ತಿದ್ದಿ, ಚಂದ ಮಾಡಿಟ್ಟುಕೊಂಡಿದ್ದೆ. ಆ ಸಂಜೆ ಬಸ್ಸು ಹತ್ತಿದಾಗ ಅದು ನನ್ನ ಜೊತೆಗಿತ್ತು. ಈ ಬಸ್ಸಿನಲ್ಲಿ ದುಡ್ಡು ಕೊಡುವ ಹೆಂಗಸು ನಾನೊಬ್ಬಳೇ, ಸೀಟಾದರೂ ನನಗೆ ಬೇಡವೇ ಎಂಬುದು ನನ್ನ ಲೆಕ್ಕ.

ಶೂನ್ಯ ಚೀಟಿ ಬಂದಮೇಲೆ ಬಸ್ಸಿನಲ್ಲಿ ಗಂಡಸರು ‘ಫ್ರೀಯಾಗಿ ಬರೋರು ನಿಂತ್ಕಳ್ಲಿ, ದುಡ್ಡು ಕೊಟ್ಟೋರು ಕೂತ್ಕಳ್ಲಿ’ ಎನ್ನುವುದನ್ನು ನೀವೂ ಕೇಳಿರಬಹುದು. ಅರ್ಧದಷ್ಟು ಸೀಟು ಗಂಡಸರಿಗೆ ಎಂದು ಯೋಜನೆಯ ಆದೇಶದಲ್ಲೇ ಇದೆ, ಅದನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಆದರೆ ಅವರ ಮಾತಿನ ಹಿಂದಿರುವುದು ಆ ಆದೇಶವಲ್ಲ. ದುಡ್ಡು ಕೊಟ್ಟವನು ದೊಡ್ಡವನು ಎಂಬುದು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಮ್ಮ ವಿಭಾಗದ ಒಂದು ಸೆಮಿನಾರಿನಲ್ಲಿ ಇದರ ಬಗ್ಗೆ ಕಟುವಾಗಿ ಮಾತಾಡಿಯೂ ಇದ್ದೇನೆ. ಅದೇ ಮಾತನ್ನು ನಾನೇ ಆಡಿದೆ. ಗೋಣಿಚೀಲದ ಮೇಲೆ ಕೂತ ಆ ಹೆಂಗಸಿನ ಕೈಯಲ್ಲಿದ್ದದ್ದು ಶೂನ್ಯ ಚೀಟಿಯೇ ಇರಬೇಕು.

ಇದಾಗಿ ಹತ್ತು ದಿನಕ್ಕೆ ಹಿರಿಯೂರಿನಿಂದ ಧರ್ಮಪುರದ ಕಡೆ ಹೋಗುತ್ತಿದ್ದೆ. ಆ ಕಡೆ ಗಡಿ ಹತ್ತಿರ. ಗಡಿಯಾಚೆಗೆ ಆಂಧ್ರದ ಮಡಕಶಿರಾ ಸೀಮೆ. ಅಮರಾಪುರ, ರೊಳ್ಳ ಮುಂತಾದಲ್ಲೆಲ್ಲ ಮನೆಮಾತು ಕನ್ನಡವಾಗಿರುವವರು ಬಹಳ. ನನ್ನ ಪಕ್ಕ ಕೂತವರು ನಲವತ್ತೈದರ ಹೆಂಗಸು, ಕಾಲ ಬಳಿ ಬೀಜದ ಚೀಲ. ಕಂಡಕ್ಟರು ನನ್ನ ಕಾರ್ಡು ನೋಡಿ ಕೇರಳ ಎಂದರು, ಅವರ ಕಾರ್ಡು ನೋಡಿ ಆಂಧ್ರ ಎಂದರು. ಅವರು ಸೆರಗಿನ ಗಂಟು ಬಿಚ್ಚಿ, ಲೆಕ್ಕ ಹಾಕಿ ಇಟ್ಟಿದ್ದ ಚಿಲ್ಲರೆಯನ್ನು ಕೊಟ್ಟರು. ನನಗೆ ಜೊತೆ ಸಿಕ್ಕ ಸಂಭ್ರಮ. ‘ನೋಡಿ, ನಾವಿಬ್ಬರೂ ಕನ್ನಡದವರೇ, ನಮಗೇ ಟಿಕೆಟು’ ಎಂದೆ. ಅವರು ನನ್ನ ಮುಖ ನೋಡಿದರು. ‘ಅವರ ರಾಜ್ಯ, ಅವರ ದುಡ್ಡು, ಅವರ ಹೆಣ್ಮಕ್ಕಳಿಗೆ ಕೊಡ್ತಾರೆ. ನಮಗ್ಯಾಕೆ ಕೊಡ್ತಾರವ್ವ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಬಸ್ಸು ಹತ್ತಬ್ಯಾಡ ಅಂದ್ರೆ ತಪ್ಪು. ಹತ್ತಿಸ್ಕಂತಾರಲ್ಲ’ ಎಂದರು.

ಜರ್ಮನಿಯ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಹೆಚ್ಚು ಕಡಿಮೆ ಇದೇ ವಾದವಿದೆ. ಪರದೇಶಕ್ಕೆ ಬಂದವನಿಗೆ ಅತಿಥಿಯಾಗಿ ಉಪಚಾರ ಪಡೆಯುವ ಹಕ್ಕಿಲ್ಲ, ಭೇಟಿ ಕೊಡುವ ಹಕ್ಕಿದೆ. ಅಂದರೆ ಬಂದ ಕಾರಣಕ್ಕೇ ಅವನನ್ನು ವೈರಿಯಂತೆ ಕಾಣಬಾರದು. ಯಾಕೆಂದರೆ ಭೂಮಿ ಗುಂಡಗಿದೆ, ಮನುಷ್ಯರು ಒಬ್ಬರಿಂದೊಬ್ಬರು ದೂರ ಸರಿಯುತ್ತ ಹೋಗಲು ಕೊನೆಯಿಲ್ಲದ ಜಾಗವಿಲ್ಲ, ಎಂದಾದರೂ ಒಬ್ಬರ ಪಕ್ಕ ಒಬ್ಬರು ಇರಲೇಬೇಕು. ತನ್ನೂರಿನ ಆಸುಪಾಸು ಬಿಟ್ಟು ದೂರ ಹೋಗದ ಮನುಷ್ಯ ಇದನ್ನು ಬರೆದ ಎಂಬುದು ನನಗೆ ಯಾವಾಗಲೂ ತಮಾಷೆ. ನಾನು ಇದನ್ನು ಎಂ.ಎ.ಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವಳು. ಬೀಜದ ಚೀಲದ ಹೆಂಗಸು ಓದಿರಲಿಲ್ಲ.

ಹಾಗಂತ ಅವರ ಮಾತಿಗೂ ಪೂರ್ತಿ ತಲೆಯಾಡಿಸಲಾರೆ. ಅವರು ಬೀಜ ಕೊಳ್ಳುವುದು ಹಿರಿಯೂರಿನಲ್ಲಿ, ಅದಕ್ಕೆ ಕೊಡುವ ದುಡ್ಡು ಈಚೆಗೇ ಬರುತ್ತದೆ. ಗಡಿಯನ್ನು ಎಳೆದವರು ಅವರನ್ನು ಕೇಳಿ ಎಳೆದದ್ದಲ್ಲ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲೂ ಅಲ್ಲಿನ ಹೆಂಗಸರಿಗೆ ಉಚಿತ ಬಸ್ಸು ಶುರುವಾಯಿತು; ಈಗ ಗಡಿಯಾಚೆಗೆ ಅವರಿಗೆ ಟಿಕೆಟಿಲ್ಲ, ಈಚೆಗೆ ಇದೆ, ನನಗೆ ಎರಡೂ ಕಡೆ ಇದೆ. ಇದರಲ್ಲಿ ಅನ್ಯಾಯ ಇಲ್ಲವೇ ಇಲ್ಲ ಎಂದು ಹೇಳುವುದು ಕಷ್ಟ. ಆದರೆ ಆ ಅನ್ಯಾಯದ ಸಾಲವನ್ನು ನಾನು ವಸೂಲಿ ಮಾಡಿದ್ದು ಯಾರಿಂದ? ಕೊಡಬೇಕಾದವರು ಆ ಬಸ್ಸಿನಲ್ಲಿರಲಿಲ್ಲ.

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೀರುಗಂಟಿ ಮನೆತನದ ಹಿರಿಯರೊಬ್ಬರ ಜೊತೆ ಎರಡು ದಿನ ಇದ್ದೆ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಬಿಡುವ ಕೆಲಸ ಅವರ ಅಪ್ಪನದಾಗಿತ್ತು. ಅಪ್ಪನಿಗೆ ಹೇಳಿಕೊಳ್ಳುವಂಥ ಸ್ವಂತ ಗದ್ದೆ ಇರಲಿಲ್ಲ, ಸುಗ್ಗಿಯಲ್ಲಿ ಎಲ್ಲರೂ ಕೊಡುವ ಆಯವೇ ಸಂಬಳ. ಮಳೆ ಕಡಿಮೆಯಾದ ವರ್ಷ ಹೇಗೆ ಹಂಚುತ್ತಿದ್ದರು ಎಂದು ಕೇಳಿದೆ. ಎಲ್ಲರ ಗದ್ದೆಯಲ್ಲೂ ಸ್ವಲ್ಪ ಸ್ವಲ್ಪ ಭಾಗಕ್ಕೆ ಮಾತ್ರ ನೀರು, ಮಿಕ್ಕದ್ದು ಬೀಳು ಎಂದರು. ಕೆರೆಯ ಕೆಳಗಿನ ಮೊದಲ ಗದ್ದೆಯವನು ‘ನನ್ನದೇ ಮೊದಲು’ ಎಂದರೆ? ‘ಮೊದಲು ಅವನದೇ. ಆದ್ರೆ ಸಾಕಾದ ಮೇಲೆ ಮಡೆ ಕಟ್ಬೇಕು. ಕಟ್ಟದಿದ್ರೆ ನಮ್ಮಪ್ಪ ಕಟ್ತಿದ್ದ.’

ಧೈರ್ಯ ಮಾಡಿ ಟವೆಲಿನ ಕತೆ ಹೇಳಿದೆ, ಎಕ್ಸ್‌ರೇ ಕವರಿನ ಸಮೇತ. ಸಂಶೋಧನೆಗೆ ಹೋದವರು ತಮ್ಮ ಕತೆ ಹೇಳಬಾರದೆಂದು ನಮಗೆ ಕಲಿಸುತ್ತಾರೆ, ಆದರೂ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. ‘ಟವಲ್ ಹಾಕಿದ್ರೆ ಸೀಟು ನಮ್ದಾಗಲ್ಲ ಕಣಮ್ಮ’ ಎಂದರು. ‘ಸರದಿ ನಮ್ದಾಗ್ತೈತೆ ಅಷ್ಟೆ.’ ಆಮೇಲೆ ಎಲೆ ಅಡಿಕೆ ತಟ್ಟೆ ಮುಂದೆ ತಳ್ಳಿ ಬೇರೆ ಮಾತು ತೆಗೆದರು.

ಸರದಿ ಎಂಬ ಮಾತಿನಿಂದ ನನಗೆ ಒಂದಿಷ್ಟು ದಾರಿ ಕಂಡಿತು. ಸೀಟು ನನ್ನದು ಎಂದರೆ ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಸರದಿ ನನ್ನದು ಎಂದರೆ ನಾನು ಬಂದಾಗ ಜಾಗ ಬಿಡಬೇಕು, ಅಷ್ಟೇ. ನಾನು ಬರುವವರೆಗೆ ಯಾರು ಕೂತರೂ ನಷ್ಟವಿಲ್ಲ. ಆದರೂ ಒಂದು ಕೊರತೆ ಉಳಿಯುತ್ತದೆ. ಕೆರೆಗೆ ನೀರುಗಂಟಿ ಇದ್ದ. ಬಸ್‌ಸ್ಟ್ಯಾಂಡಿನಲ್ಲಿ ಸರದಿ ಯಾರಿಂದ ಶುರು ಎಂದು ನೋಡುವವರು ಯಾರೂ ಇಲ್ಲ. ಟವೆಲು ಎಸೆಯಲು ಬಲ್ಲವನ ಸರದಿ ಯಾವಾಗಲೂ ಮೊದಲು. ಹೊಸಬರು ಆ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು? ಇದನ್ನು ಹಿರಿಯರಿಗೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಊಟಕ್ಕೆ ಕರೆದರು, ಮರೆತುಹೋಯಿತು.

ಹೋದ ವರ್ಷದ ಕೊನೆಯಲ್ಲಿ, ಬಿಟ್ಟುಹೋದ ಎರಡು ಕತೆಗಳಿಗಾಗ ಮತ್ತೆ ಹೋಗಿದ್ದೆ. ವಾಪಸು ಬರುವಾಗ ಹೊಸದುರ್ಗದ ನಿಲ್ದಾಣದಲ್ಲಿ ಬಸ್ಸು ಆಗಲೇ ನಿಂತಿತ್ತು, ನನಗೆ ಸುಲಭವಾಗಿ ಕಿಟಕಿ ಸೀಟು ಸಿಕ್ಕಿತು. ಸ್ವಲ್ಪ ಹೊತ್ತಿಗೆ ಜನ ಹತ್ತತೊಡಗಿದರು. ಕೆಳಗಿನಿಂದ ಕಾಲೇಜಿನ ಹುಡುಗಿಯೊಬ್ಬಳು ಕಿಟಕಿ ಬಡಿದಳು. ‘ಅಕ್ಕಾ, ಈ ಬ್ಯಾಗು ಸ್ವಲ್ಪ ಪಕ್ಕದ ಸೀಟಲ್ಲಿಡಿ ಅಕ್ಕ, ನೀರಿನ ಬಾಟ್ಲಿ ತಂದ್ಬಿಡ್ತೀನಿ.’ ನಾನು ಉತ್ತರ ಕೊಡುವ ಮೊದಲೇ ಬ್ಯಾಗು ನನ್ನ ಮಡಿಲಲ್ಲಿತ್ತು, ಅವಳು ಅಂಗಡಿಯ ಕಡೆ ಓಡುತ್ತಿದ್ದಳು. ಪಕ್ಕದಲ್ಲಿಟ್ಟೆ. ಬೇರೇನು ಮಾಡಲಿ?

ಒಬ್ಬರು ಅಜ್ಜಿ ಬಂದರು. ಬ್ಯಾಗನ್ನೂ ನನ್ನನ್ನೂ ನೋಡಿದರು. ‘ಇಲ್ಲಿ ಯಾರಾದ್ರೂ ಬರ್ತಾರಾ?’

‘ಬರ್ತಾರೆ ಅಜ್ಜಿ’ ಎಂದೆ. ಹೇಳುತ್ತಿದ್ದಂತೆ ಕಿವಿ ಬಿಸಿಯಾಯಿತು.

‘ಬರ್ಲಿ’ ಎಂದು ಅಜ್ಜಿ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು. ‘ಬಂದ್ಮೇಲೆ ಏಳ್ತೀನಿ.’

ಹುಡುಗಿ ಬಂದಳು. ಅಜ್ಜಿ ಏಳಲು ಮುಂದಿನ ಸೀಟಿನ ಕಂಬಿ ಹಿಡಿದರು, ಸುಮ್ಮನೆ ತೋರಿಕೆಗಲ್ಲ, ಅರ್ಧ ಎದ್ದೂಬಿಟ್ಟಿದ್ದರು. ‘ಕೂತ್ಕಳಿ ಅಜ್ಜಿ, ಬ್ಯಾಗ್ ಇಟ್ಕಂಡಿರಿ’ ಎಂದು ಹುಡುಗಿ ನಮ್ಮ ಪಕ್ಕ ನಿಂತು ಫೋನು ತೆಗೆದಳು. ನಾನು ಕಿಟಕಿಗೆ ಒತ್ತಿಕೊಂಡೆ, ಅಜ್ಜಿ ನನ್ನ ಕಡೆ ಸರಿದರು, ಆ ತುದಿಯಲ್ಲಿದ್ದವರೂ ಗೊಣಗುತ್ತ ಸರಿದರು, ಹುಡುಗಿ ಅಂಚಿನಲ್ಲಿ ಅರ್ಧ ಕೂತಳು. ಬಸ್ಸು ಹೊರಟಿತು. ಕಂಡಕ್ಟರು ಬಂದು ಅಜ್ಜಿಗೊಂದು, ಹುಡುಗಿಗೊಂದು ಚೀಟಿ ಹರಿದರು. ನಾನು ನೋಟು ಚಾಚಿ ಹೊಳಲ್ಕೆರೆ ಎಂದೆ.

‘ನಿಂಗ್ಯಾಕೆ ಟಿಕೆಟು?’ ಎಂದು ಅಜ್ಜಿ ಕೇಳಿದರು. ‘ನಿನ್ನ ಮಾತು ಯಾವ ಕಡೇದು?’

ಹೇಳಲು ಶುರುಮಾಡಿದೆ. ಹೊಳಲ್ಕೆರೆ ಬರುವವರೆಗೂ ಅವರು ಕೇಳುತ್ತಲೇ ಇದ್ದರು.